ಕ್ಯಾಸೆಟ್ಟಿನ ಟೀಚರು

ಆರು ವಾರ ಮಾತಾಡಬಾರದು, ಪಿಸುಗುಟ್ಟುವುದಂತೂ ಇನ್ನೂ ಕೆಟ್ಟದ್ದು ಎಂದು ಚಿಷಾನ್ ಪಟ್ಟಣದ ಗಂಟಲು ಡಾಕ್ಟರು ಹೇಳಿದ್ದನ್ನು ಸುಯಿನ್ ಮನೆಗೆ ಬಂದು ಒಂದು ಪುಟ್ಟ ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದಳು. ಮಧ್ಯಾಹ್ನ ಎರಡು ಗಂಟೆ. ಶಾವಿಗೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಗಿರಾಕಿಗಳು ಎದ್ದುಹೋದ ಮೇಜಿನಲ್ಲೇ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಅಜ್ಜಿ ಫುಂಗ್‌ಮೋಯ್‌ಗೆ ಓದು ಬಾರದು. ಮಗಳ ಹಲಗೆಯನ್ನು ಒಮ್ಮೆ ನೋಡಿ ಮೊಮ್ಮಗಳ ಕಡೆ ತಿರುಗಿದಳು.

"ಏನಂತೆ?"

ಪೇವೆನ್‌ಗೆ ಹನ್ನೆರಡು ವರ್ಷ. ಸೆಪ್ಟೆಂಬರಿಗೆ ಮಿಡ್ಲ್ ಸ್ಕೂಲು. ಬಾಯಲ್ಲಿ ಅನ್ನ ಇಟ್ಟುಕೊಂಡೇ, ಬಸ್ಸಿನ ಬೋರ್ಡು ಓದುವ ಹಾಗೆ ಓದಿದಳು. "ಆರು ವಾರ ಮಾತಾಡಬಾರದು. ಗಂಟಲಲ್ಲಿ ಗಂಟು. ಮಾತಾಡಿದರೆ ಆಪರೇಷನ್."

ಹದಿನಾರು ವರ್ಷ ಕಿರುಚಿದರೆ ಗಂಟಾಗದೆ ಗಂಧ ಆಗುತ್ತದೆಯೇ ಎಂದಳು ಅಜ್ಜಿ. ಪಾಠಕ್ಕೆ ಬರುವ ಮಕ್ಕಳನ್ನು ವಾಪಸು ಕಳಿಸು, ಈ ಬೇಸಿಗೆ ಸುಮ್ಮನೆ ಕೂತು ಎಲೆಕೋಸು ಹೆಚ್ಚು ಎಂದೂ ಸೇರಿಸಿದಳು.

ಸುಯಿನ್ ಗಂಡನ ಮನೆ ಬಿಟ್ಟು ತವರಿಗೆ ಬಂದು ಹದಿನಾರು ವರ್ಷ. ಬಂದ ವರ್ಷವೇ ಮನೆಯ ಮುಂದಿನ ಹಜಾರದಲ್ಲಿ, ತೀರಿಕೊಂಡ ಹಿರಿಯರ ಹೆಸರು ಬರೆದ ಪೂಜಾ ಫಲಕಗಳ ಕೆಳಗೆ ಕಪ್ಪು ಹಲಗೆ ನೇತುಹಾಕಿ, ಮಿಡ್ಲ್ ಸ್ಕೂಲಿಗೆ ಹೊರಟ ಮಕ್ಕಳಿಗೆ ಬೇಸಿಗೆ ಪಾಠ ಶುರು ಮಾಡಿದ್ದಳು. ಇಂಗ್ಲಿಷಿನ ಹದಿನೇಳು ಸ್ವರಗಳು, ಇಪ್ಪತ್ತನಾಲ್ಕು ವ್ಯಂಜನಗಳು, ಪ್ರತಿಯೊಂದಕ್ಕೂ ಒಂದು ಚಿಹ್ನೆ, ಒಂದು ಕಾರ್ಡು. ಅವು ಬಾಯಿಪಾಠ ಆದಮೇಲೆ ಎರಡು ಪದ ಸೇರಿ ಒಂದಾಗುವ ಗಿಡ್ಡ ರೂಪಗಳು. ತವರಿಗೆ ಮರಳಿದ ಮಗಳ ಹೆಸರು ಆ ಫಲಕಗಳ ಸಾಲಿಗೆ ಎಂದೂ ಸೇರುವುದಿಲ್ಲ. ಆದರೆ ವರ್ಷಕ್ಕೆ ಎಂಟು ವಾರ ಅವುಗಳ ಕೆಳಗೆ ಅವಳದೇ ರಾಜ್ಯಭಾರ.

ಹೋದ ವರ್ಷ ಹದಿನಾರು ಮಕ್ಕಳಿದ್ದರು, ಈ ವರ್ಷ ಹನ್ನೊಂದು. ಅಂಚೆ ಕಚೇರಿಯ ಎದುರು ಹೊಸದೊಂದು ಟ್ಯೂಷನ್ ಶಾಲೆ ಬಂದಿತ್ತು. ಅದರ ಬೋರ್ಡಿನ ಮೇಲೆ ಕೆಂಪು ಗಡ್ಡದ ವಿದೇಶಿ ಹುಡುಗನ ಫೋಟೋ.

ಸುಯಿನ್ ಹಲಗೆ ಒರೆಸಿ ಮತ್ತೆ ಬರೆದಳು. ಪೇವೆನ್ ಓದಿದಳು. "ಈ ವರ್ಷ ನಿಲ್ಲಿಸಿದರೆ ಮುಂದಿನ ವರ್ಷ ಒಬ್ಬರೂ ಬರುವುದಿಲ್ಲ. ಎಲೆಕೋಸು ನೀನೇ ಹೆಚ್ಚು."

"ಅಷ್ಟೂ ಬರೆದಿದ್ದಾಳಾ?" ಎಂದಳು ಅಜ್ಜಿ.

"ಅಷ್ಟೂ."

ಸುಯಿನ್‌ಳ ಅಣ್ಣ ಜಿನ್‌ತಾಂಗ್, ಪೇವೆನ್‌ಳ ಅಪ್ಪ, ಪಪಾಯಿ ಲಾರಿ ಓಡಿಸುತ್ತಾನೆ. ಊಟದ ಹೊತ್ತಿನಲ್ಲಿ ಅವನು ತಲೆ ಎತ್ತುವುದು ಅಪರೂಪ. ಎತ್ತಿದ. "ಮರಿತೆಸ್‌ಗೆ ಇಂಗ್ಲಿಷ್ ಬರುತ್ತಲ್ಲ," ಎಂದ.

ಎಲ್ಲರೂ ಅವನ ಹೆಂಡತಿಯ ಕಡೆ ನೋಡಿದರು. ಅಟ್ಟದ ಮೇಲೆ ಏಣಿ ಇದೆಯಲ್ಲ ಎಂದು ಯಾರೋ ನೆನಪಿಸಿದಾಗ ಅಟ್ಟದ ಕಡೆ ನೋಡುವ ಹಾಗೆ. ಮರಿತೆಸ್ ಫಿಲಿಪೀನ್ಸಿನ ಇಲೊಯ್ಲೊದವಳು. ಈ ಮನೆಗೆ ಬಂದು ಹದಿನಾಲ್ಕು ವರ್ಷ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಿರಿಯರ ಫಲಕಗಳ ಮುಂದೆ ಚಹಾ ಇಟ್ಟು, ಅತ್ತೆಯ ಜೊತೆ ಅಕ್ಕಿ ಹಿಟ್ಟು ಬೇಯಿಸಿ, ಹಾಳೆ ಹೊಯ್ದು, ಅಗಲ ಶಾವಿಗೆ ಕೊಯ್ದು, ಮಧ್ಯಾಹ್ನದವರೆಗೆ ಗಿರಾಕಿಗಳಿಗೆ ಬಡಿಸುವವಳು.

"ನೀನು ಸುಮ್ನೆ ಊಟ ಮಾಡು," ಎಂದಳು ಅಜ್ಜಿ ಮಗನಿಗೆ. "ಪಾಠಕ್ಕೆ ಅಂತ ಮಕ್ಕಳನ್ನ ಕಳಿಸಿದ್ರೆ ಶಾವಿಗೆ ಬಡಿಸೋ ಸೊಸೇನ ತಂದು ನಿಲ್ಲಿಸಿದ್ರು ಅನ್ನಲ್ವಾ ಜನ? ಅದೂ ಹೊರದೇಶದ ಸೊಸೇನ."

ಸುಯಿನ್ ಏನೋ ಬರೆದಳು. ಬರೆದು ಅಳಿಸುವಷ್ಟರಲ್ಲಿ ಪೇವೆನ್ ಓದಿಯಾಗಿತ್ತು. "ಅತ್ತಿಗೆಯ ಉಚ್ಚಾರಣೆ ಸರಿ ಇಲ್ಲ."

ಮರಿತೆಸ್ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದಳು. ಸಾರು ಇನ್ನೂ ಇದೆ, ಯಾರಿಗಾದರೂ ಬೇಕೇ ಎಂದು ಕೇಳಿದಳು. ಯಾರಿಗೂ ಬೇಡವಾಗಿತ್ತು.

ಮೂರು ದಿನ ಸುಯಿನ್ ಬರೀ ಸೀಮೆಸುಣ್ಣ ಮತ್ತು ಕೋಲಿನಿಂದ ಪಾಠ ಮಾಡಿದಳು. ಮೊದಲ ದಿನ ಮಕ್ಕಳಿಗೆ ಮಜಾ ಅನ್ನಿಸಿತು. ಎರಡನೆಯ ದಿನ ಅವರೇ ಕಿರುಚಿದರು. ಮೂರನೆಯ ದಿನ ಒಬ್ಬ ನಿದ್ದೆ ಹೋದ, ಇಬ್ಬರು ಹಿಂದೆ ಕೂತು ಕಾರ್ಡುಗಳಲ್ಲಿ ಇಸ್ಪೀಟು ಆಡಿದರು. ನಾಲ್ಕನೆಯ ದಿನ ಬಂದವರು ಒಂಬತ್ತೇ ಜನ.

ಆ ಮಧ್ಯಾಹ್ನ ಮರಿತೆಸ್ ಹಿತ್ತಲಲ್ಲಿ ಕೂತು ಅಡುಗೆಗೆ ನೈದಿಲೆ ದಂಟು ತೊಳೆಯುತ್ತಿದ್ದಾಗ ಸುಯಿನ್ ಹಲಗೆ ಹಿಡಿದು ಬಂದು ನಿಂತಳು. ಮರಿತೆಸ್‌ಗೆ ಈ ದೇಶದ ಅಕ್ಷರ ನಿಧಾನ. ಒದ್ದೆ ಬೆರಳನ್ನು ಗಾಳಿಯಲ್ಲೇ ಸಾಲಿನುದ್ದಕ್ಕೂ ಎಳೆಯುತ್ತಾ ಓದಿಕೊಂಡಳು. ಕ್ಯಾಸೆಟ್ಟಿನಲ್ಲಿ ಹೇಳಿಕೊಡು. ನೀನು ಅಂತ ಯಾರಿಗೂ ಗೊತ್ತಾಗುವುದಿಲ್ಲ.

"ನಂಗೆ ಗೊತ್ತಾಗುತ್ತಲ್ಲ," ಎಂದಳು ಮರಿತೆಸ್. ದಂಟನ್ನು ಜಾಲರಿಗೆ ಹಾಕಿ, ಕೈ ಒರೆಸಿಕೊಂಡು, ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದಳು.

ಅಂಗಡಿ ಮುಚ್ಚಿದ ಎರಡರಿಂದ ನಾಲ್ಕರವರೆಗೆ, ಸುಯಿನ್‌ಳ ಕೋಣೆಯಲ್ಲಿ ಕಿಟಕಿ ಹಾಕಿ, ಫ್ಯಾನು ಆರಿಸಿ ಕೂತರು. ಫ್ಯಾನಿನ ಸದ್ದು ರೆಕಾರ್ಡಿಗೆ ಬರುತ್ತಿತ್ತು. ಜುಲೈ ತಿಂಗಳ ಸೆಕೆಗೆ ಇಬ್ಬರ ಬೆನ್ನೂ ಒದ್ದೆ. ಸುಯಿನ್ ಕಾರ್ಡು ಎತ್ತುವಳು, ಮರಿತೆಸ್ ಹೇಳುವಳು. 'ಶಿಪ್', 'ಶೀಪ್'. ಹಡಗಿನ ಚಿತ್ರಕ್ಕೂ ಕುರಿಯ ಚಿತ್ರಕ್ಕೂ ಒಂದೇ ಸ್ವರ ಬರುತ್ತಿತ್ತು. ಸುಯಿನ್ ಗುಂಡಿ ಒತ್ತಿ ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಕೈಗನ್ನಡಿಯನ್ನು ಅತ್ತಿಗೆಯ ಮುಖಕ್ಕೆ ಹಿಡಿದಳು. ಒಂದಕ್ಕೆ ತುಟಿ ಸಡಿಲ, ನಾಲಿಗೆ ಕೆಳಗೆ. ಇನ್ನೊಂದಕ್ಕೆ ತುಟಿಯನ್ನು ಕಿವಿಯ ಕಡೆಗೆ ಎಳೆಯಬೇಕು. ಪುಸ್ತಕ ಓದಿ ಕಲಿತದ್ದು. ಹದಿನಾರು ವರ್ಷದಲ್ಲಿ ಒಮ್ಮೆಯೂ ತಪ್ಪದ್ದು. ಹನ್ನೊಂದನೆಯ ಸಲಕ್ಕೂ ಕುರಿ ಹಡಗಾಗಿಯೇ ಉಳಿಯಿತು.

"ನಮ್ಮೂರಲ್ಲಿ ಎರಡೂ ಒಂದೇ," ಎಂದಳು ಮರಿತೆಸ್, ಕುತ್ತಿಗೆ ಒರೆಸಿಕೊಳ್ಳುತ್ತಾ. "ಬಂದಿದ್ದು ಹಡಗಾ ಕುರೀನಾ ಅಂತ ಯಾರಿಗೂ ಅನುಮಾನ ಬರಲ್ಲ. ಕಣ್ಣಿಂದ ನೋಡ್ತೀವಲ್ಲ."

ಸುಯಿನ್‌ಗೆ ನಗು ಬಂತು. ನಗುವೂ ಗಂಟಲಿಗೆ ಆಗದು ಎಂದು ನೆನಪಾಗಿ ಬಾಯಿಗೆ ಕೈ ಅಡ್ಡ ಇಟ್ಟಳು. ಹದಿನಾಲ್ಕನೆಯ ಸಲಕ್ಕೆ ಕುರಿ ಬಂತು.

ಗಿಡ್ಡ ರೂಪಗಳ ದಿನ ಸೋಲುವ ಸರದಿ ಸುಯಿನ್‌ಳದು. ಕಾರ್ಡಿನ ಎಡಕ್ಕೆ 'ಐ ಆಮ್', ನಡುವೆ ಬಾಣದ ಗುರುತು, ಬಲಕ್ಕೆ 'ಐಮ್'. ಅವಳ ಮಕ್ಕಳು ಹದಿನಾರು ವರ್ಷದಿಂದ ಗಿಡ್ಡ ರೂಪವನ್ನೂ ಮಧ್ಯದಲ್ಲಿ ಒಂದು ಕ್ಷಣ ನಿಂತೇ ಹೇಳುತ್ತಿದ್ದರು. ಮೇಲಿನ ಚುಕ್ಕೆಗೆ ಮರ್ಯಾದೆ ಕೊಟ್ಟ ಹಾಗೆ. ಹಾಗೆ ನಿಲ್ಲು ಎಂದು ಸುಯಿನ್ ಬೆರಳು ಎತ್ತಿದರೆ ಮರಿತೆಸ್ ಒಪ್ಪಲಿಲ್ಲ. ಹೀಗೆ ಹೇಳಿದರೆ ಗಂಟಲಿಗೆ ಮೂಳೆ ಸಿಕ್ಕಿದೆ ಎಂದುಕೊಂಡು ಬೆನ್ನು ತಟ್ಟುತ್ತಾರೆ ಎಂದಳು.

ಪರೀಕ್ಷೆಯಲ್ಲಿ ಬಿಡಿಸಿ ಬರೆಯಲು ಕೇಳುತ್ತಾರೆ ಎಂದು ಸುಯಿನ್ ಬರೆದಳು.

"ಬರೀಲಿ. ಬಾಯಲ್ಲಿ ಯಾಕೆ ಬಿಡಿಸ್ಬೇಕು? ನಿಮ್ಮಮ್ಮ ನನ್ನ ಕರೆಯೋವಾಗ 'ಸಾರನ್ನು ಇಳಿಸಿ ಬಿಡು' ಅಂತಾರಾ? 'ಇಳಿಸ್ಬಿಡೇ' ಅಂತಾರೆ. ನಾನು ನಿಲ್ಲಿಸಿ ನಿಲ್ಲಿಸಿ ಕೇಳ್ತಾ ಕೂತ್ರೆ ಸಾರು ಉಕ್ಕಿ ಹೋಗುತ್ತೆ."

ಕೊನೆಗೆ ಮೊದಲು ಪೂರ್ತಿ, ಆಮೇಲೆ ಗಿಡ್ಡ, ಆಮೇಲೆ ಮನೆಯಲ್ಲಿ ಆಡುವಂಥ ಒಂದು ವಾಕ್ಯ ಎಂದು ತೀರ್ಮಾನವಾಯಿತು. ಕಾರ್ಡಿನಲ್ಲಿಲ್ಲದ ವಾಕ್ಯಗಳನ್ನು ಮರಿತೆಸ್ ಸಲೀಸಾಗಿ ಹೇಳುತ್ತಾ ಹೋದಳು. ಐಮ್ ಹಂಗ್ರಿ. ಇಟ್ಸ್ ಹಾಟ್. ಡೋಂಟ್ ಟಚ್ ದಟ್. ಪ್ರತಿ ವಾಕ್ಯದ ಹಿಂದೆ ಮಗುವಿಗೆ ಅರ್ಥಮಾಡಿಕೊಳ್ಳಲು ಬೇಕಾದಷ್ಟೇ ಬಿಡುವು. ಸುಯಿನ್ ಅವನ್ನೆಲ್ಲ ಹೊಸ ಕಾರ್ಡಿಗೆ ಇಳಿಸಿಕೊಂಡಳು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಬರೆದು ಕೇಳಿದಳು.

ಟೀಚರ್ ತರಬೇತಿ, ಎರಡು ವರ್ಷ, ಎಂದಳು ಮರಿತೆಸ್. ಮೂರನೆಯ ವರ್ಷಕ್ಕೆ ಮದುವೆಯಾಯಿತು.

ಹೇಳಲೇ ಇಲ್ಲವಲ್ಲ, ಎಂದು ಹಲಗೆ.

"ಹೇಳಿದ್ದೆ. ಬಂದ ವರ್ಷವೇ. ಆಗ ನನ್ನ ಮಾತು ನಿಮಗ್ಯಾರಿಗೂ ಅರ್ಥ ಆಗ್ತಿರ್ಲಿಲ್ಲ."

ಹಜಾರಕ್ಕೂ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಬೆಳಗ್ಗೆ ಎಂಟಕ್ಕೆ ಮಕ್ಕಳನ್ನು ಬಿಟ್ಟ ತಾಯಂದಿರು ಅಂಗಡಿಯಲ್ಲಿ ಕೂತು ಶಾವಿಗೆ ತಿನ್ನುತ್ತಾ ಪಾಠ ಕೇಳಿಸಿಕೊಳ್ಳುವುದು ಹಳೆಯ ರೂಢಿ. ಕ್ಯಾಸೆಟ್ಟು ಶುರುವಾದ ವಾರ ಔಷಧಿ ಅಂಗಡಿಯ ಯಾನ್‌ಫೆನ್ ಎಲ್ಲರಿಗೂ ಸುಮ್ಮನಿರಲು ಕೈಸನ್ನೆ ಮಾಡಿದಳು. ಇವಳ ಮಾತು ಈ ಬೀದಿಯಲ್ಲಿ ನಡೆಯುತ್ತದೆ. ಇವಳ ಮಗ ಜಿಹಾವ್ ಯಾವ ಟ್ಯೂಷನ್ನಿಗೆ ಹೋದರೆ ಉಳಿದ ಮಕ್ಕಳೂ ಅಲ್ಲಿಗೇ.

"ಕೇಳಿ," ಎಂದಳು. "ಅಮೆರಿಕದವರ ಮಾತು ಅಂದ್ರೆ ಹೀಗಿರ್ಬೇಕು. ಆ ಕೆಂಪು ಗಡ್ಡದವನದು ಬರೀ ಗೊಣಗಾಟ."

ಮರಿತೆಸ್ ಅವಳ ಬಟ್ಟಲಿಗೆ ಹುರಿದ ಈರುಳ್ಳಿ ಉದುರಿಸುತ್ತಿದ್ದಳು. ಸ್ವಲ್ಪ ಹೆಚ್ಚೇ ಉದುರಿಸಿದಳು.

ಬಿಟ್ಟುಹೋದ ಇಬ್ಬರು ಮರಳಿದರು. ಅಂಚೆ ಕಚೇರಿ ಎದುರಿನಿಂದ ಇನ್ನೂ ಮೂವರು ಬಂದರು. ಹದಿನಾಲ್ಕು ಮಕ್ಕಳು. ಅಜ್ಜಿ ಪಾತ್ರೆಯ ಮುಂದೆ ನಿಂತು, ಟೇಪಿನ ಸದ್ದು ಇನ್ನಷ್ಟು ಜೋರು ಮಾಡಲು ಹೇಳಿಕಳಿಸುತ್ತಿದ್ದಳು. ಮಕ್ಕಳು ಬೀದಿಯಲ್ಲಿ ಒಬ್ಬರ ಸೈಕಲ್ಲನ್ನು ಇನ್ನೊಬ್ಬರು ಮುಟ್ಟಿದರೆ 'ಡೋಂಟ್ ಟಚ್ ದಟ್' ಎನ್ನುತ್ತಿದ್ದರು. ಎಲ್ಲೂ ನಿಲ್ಲದೆ, ಒಂದೇ ಉಸಿರಿನಲ್ಲಿ.

ಬಾಯಿ ಬಿಡದವಳು ಪೇವೆನ್ ಒಬ್ಬಳೇ. ಕ್ಯಾಸೆಟ್ಟು ಹೇಳಿ, ಹದಿಮೂರು ಜನ ಹೇಳಿ ಮುಗಿಸುವವರೆಗೆ ಅವಳು ಕಾರ್ಡಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತಿರುತ್ತಿದ್ದಳು. ಸುಯಿನ್ ಎರಡು ಸಲ ಕೋಲಿನಿಂದ ಮೇಜು ಕುಟ್ಟಿದಳು. ಮೂರನೆಯ ದಿನ ಸಂಜೆಯ ಊಟಕ್ಕೆ ಹಲಗೆ ತಂದಳು. ತನ್ನ ಮೇಲಿನ ದೂರನ್ನು ಪೇವೆನ್ ತಾನೇ ಓದಬೇಕಾಯಿತು.

"ಪೇವೆನ್ ಪಾಠದಲ್ಲಿ ಬಾಯಿ ಬಿಡುತ್ತಿಲ್ಲ. ಕೇಳಿ."

ಜಿನ್‌ತಾಂಗ್ ಕೇಳಿದ. ಅಜ್ಜಿ ಮೂಲಂಗಿ ಉಪ್ಪಿನಕಾಯಿಯನ್ನು ಅವಳ ಕಡೆ ತಳ್ಳಿ ಕೇಳಿದಳು.

"ಮನೇಲಿ ಹನ್ನೆರಡು ವರ್ಷ ಅಮ್ಮ ಇಂಗ್ಲಿಷಲ್ಲಿ ಒಂದು ಮಾತೂ ಆಡಲಿಲ್ಲ," ಎಂದಳು ಪೇವೆನ್. ತಾಯಿಯ ಕಡೆ ನೋಡಲಿಲ್ಲ. "ಈಗ ಟೇಪಲ್ಲಿ ಆಡಿದ್ರೆ ನಾನ್ಯಾಕೆ ಉತ್ತರ ಕೊಡ್ಲಿ? ಅತ್ತೆ ಹತ್ರ ಕಾರ್ಡು ನೋಡಿ ನೋಡಿ ಕಲೀತಿದ್ದೀನಿ ನಾನು. ಇಂಗ್ಲಿಷ್ ಬರೋರು ಮನೇಲೇ ಇದ್ರು."

ಸುಯಿನ್ ಹಲಗೆಯನ್ನು ಮಗುಚಿ ಇಟ್ಟಳು.

"ಎರಡೂವರೆ ವರ್ಷ ಆದ್ರೂ ನೀನು ತುಟಿ ಬಿಚ್ಚಿರ್ಲಿಲ್ಲ ಕಣೇ," ಎಂದಳು ಅಜ್ಜಿ. "ಬೀದಿಯವರೆಲ್ಲ ಹೇಳಿದ್ರು. ಮಗೂಗೆ ಮೂರು ಭಾಷೆ ಕಲಸಿ ಉಣಿಸಿದ್ರೆ ಒಂದೂ ದಕ್ಕಲ್ಲ ಅಂತ. ಬೇಡ ಅಂದವಳು ನಾನು. ಅವಳನ್ನ ಅನ್ಬೇಡ."

ಮರಿತೆಸ್ ಮೀನಿನ ಮುಳ್ಳು ಬಿಡಿಸಿ ಮಗಳ ಬಟ್ಟಲಿಗೆ ಹಾಕಿದಳು. "ಸ್ನಾನ ಮಾಡಿಸೋವಾಗ ಹಾಡ್ತಿದ್ದೆ," ಎಂದಳು. "ನಲ್ಲಿ ಪೂರ್ತಿ ಬಿಟ್ಕೊಂಡು. ಕೇಳ್ಬಾರ್ದು ಅಂತ."

"ಗೊತ್ತು," ಎಂದಳು ಅಜ್ಜಿ. "ನೀರಿನ ಬಿಲ್ಲು ಬರ್ತಿತ್ತಲ್ಲ."

ಜಿನ್‌ತಾಂಗ್‌ಗೆ ನಗು ತಡೆಯಲಾಗದೆ ಅನ್ನ ನೆತ್ತಿಗೇರಿತು. ಪೇವೆನ್ ನಗಲಿಲ್ಲ. ಮೀನು ಮಾತ್ರ ತಿಂದಳು.

ಐದನೆಯ ವಾರ ಯಾನ್‌ಫೆನ್ ಕ್ಯಾಸೆಟ್ಟಿನ ಒಂದು ನಕಲು ಕೇಳಿದಳು. ಮಗ ಮನೆಯಲ್ಲೂ ಅಭ್ಯಾಸ ಮಾಡಲಿ ಎಂದು. ಸುಯಿನ್ ಎರಡು ದಿನ ಸಬೂಬು ಬರೆದಳು. ಮೂರನೆಯ ದಿನ ಯಾನ್‌ಫೆನ್ ಹೊಸ ಖಾಲಿ ಕ್ಯಾಸೆಟ್ಟನ್ನು ತಾನೇ ತಂದುಕೊಟ್ಟಳು. ಇಲ್ಲವೆಂದರೆ ಹುಡುಗನ ಜೊತೆ ಇನ್ನೈದು ಮಕ್ಕಳು ಎದ್ದುಹೋಗುತ್ತಾರೆ. ಸುಯಿನ್ ಎರಡು ಕ್ಯಾಸೆಟ್ಟಿನ ಯಂತ್ರಕ್ಕೆ ಎರಡನ್ನೂ ಹಾಕಿ, ಗುಂಡಿ ಒತ್ತಿ, ಹಿತ್ತಲಿಗೆ ಬಟ್ಟೆ ಒಣಹಾಕಲು ಹೋದಳು. ಎರಡೂ ಬದಿ ತಮ್ಮಷ್ಟಕ್ಕೆ ಇಳಿದವು.

ಎರಡನೆಯ ಬದಿಯಲ್ಲಿ ಒಂಬತ್ತನೆಯ ಪಾಠ ಅರ್ಧಕ್ಕೇ ನಿಂತಿದ್ದ ಜಾಗವನ್ನು ಅಳಿಸಲು ಮರೆತಿತ್ತು. ಹಜಾರದ ಪಾಠ ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಯಾನ್‌ಫೆನ್ ಮನೆಯಲ್ಲಿ ಬೆಳಗಿನ ಗಂಜಿಯ ಹೊತ್ತಿಗೆ ತಲುಪಿತು. ಅಮೆರಿಕದ ಹೆಂಗಸು 'ಡು ನಾಟ್' ಎಂದಳು. ಆಮೇಲೆ ದೂರದಿಂದ, ಬೀದಿಗೆಲ್ಲ ಪರಿಚಿತವಾದ ಒಂದು ಮುದಿ ದನಿ: ಮರಿತೆಸ್, ಸಾರು ಉಕ್ತಾ ಇದೆ, ಎಲ್ಲಿ ಹಾಳಾಗ್ಹೋದೆ? ಅಮೆರಿಕದ ಹೆಂಗಸು ಈ ಊರಿನ ಹಕ್ಕಾ ಮಾತಿನಲ್ಲೇ ಉತ್ತರ ಕೊಟ್ಟಳು. "ಬಂದೆ ಅಮ್ಮಾ. ಇನ್ನೊಂದು 'ಡೋಂಟ್' ಬಾಕಿ ಇದೆ."

ಮಧ್ಯಾಹ್ನ ಮೂರಕ್ಕೆ ನಾಲ್ವರು ತಾಯಂದಿರು ಹಜಾರಕ್ಕೆ ಬಂದರು. ಕೂರಲಿಲ್ಲ. ಜಿನ್‌ತಾಂಗ್ ಲಾರಿಯ ಮೇಲೆ ಹೋಗಿದ್ದ, ಮರಿತೆಸ್ ಸೊಪ್ಪು ತರಲು ಸಂತೆಗೆ ಹೋಗಿದ್ದಳು. ಅಂಗಡಿಯ ಕಡೆಯ ಬಾಗಿಲಲ್ಲಿ ಅಜ್ಜಿ ಸಟ್ಟುಗ ಹಿಡಿದು ನಿಂತಿದ್ದಳು. ಯಾನ್‌ಫೆನ್ ಕೂಗಾಡಲಿಲ್ಲ. ಪಕ್ಕದ ಗೋಡೆಯಾಚೆ ತಾನು ವಾರಗಟ್ಟಲೆ ಹೊಗಳಿದ್ದು, ಹೊಗಳುವಾಗ ಬಡಿಸುತ್ತಿದ್ದವಳು ಯಾರು ಎಂಬುದು, ಎಲ್ಲ ಸೇರಿ ಅವಳ ಕಿವಿ ಕೆಂಪಾಗಿತ್ತು. ಬೀದಿಯವರೆಲ್ಲ ತನ್ನನ್ನು ನೋಡಿ ನಗುತ್ತಾರೆ ಎಂದಳು. ಗಂಟಲು ವಾಸಿಯಾಗುವವರೆಗೆ ಕಾಯಿರಿ ಎಂದು ಹೇಳಿದ್ದರೆ ನಾವು ಕಾಯುತ್ತಿರಲಿಲ್ಲವೇ ಎಂದಳು.

"ಸುಯಿನ್ ಟೀಚರ್, ನಿಮ್ಮ ಹತ್ರ ನನ್ನ ತಂಗಿಯೂ ಓದಿದಾಳೆ. ಒಂದೇ ಮಾತು ಹೇಳಿ. ಸುಳ್ಳು ಯಾಕೆ?"

ಮಾತಾಡಲು ಸುಯಿನ್ ಬಾಯಿ ತೆರೆದಳು. ಕುತ್ತಿಗೆಯ ನರ ಎದ್ದಿತು. ಅಜ್ಜಿ "ಏಯ್" ಎಂದಳು. ಸುಯಿನ್ ಬಾಯಿ ಮುಚ್ಚಿ ಹಲಗೆ ತೆಗೆದುಕೊಂಡಳು. ಬಹಳ ಹೊತ್ತು ಬರೆದಳು. ಹಲಗೆ ಪುಟ್ಟದಾದ್ದರಿಂದ ಅಕ್ಷರ ಚಿಕ್ಕವಾಗಿ, ಒತ್ತೊತ್ತಾಗಿ ಬಂದವು. ಪೇವೆನ್ ಹಲಗೆಯನ್ನು ತನ್ನ ಕಡೆ ತಿರುಗಿಸಿ ಹಿಡಿದು ಓದತೊಡಗಿದಳು.

"ತಪ್ಪು ನನ್ನದು. ಕ್ಷಮಿಸಿ. ಮಕ್ಕಳು ಬಿಟ್ಟುಹೋಗುತ್ತಾರೆ ಅಂತ ಹೆದರಿದೆ. ನಾಳೆಯಿಂದ ಕ್ಯಾಸೆಟ್ ಹಾಕುವುದಿಲ್ಲ."

ಅವಳು ನಿಲ್ಲಿಸಿದಳು. ಸುಯಿನ್ ಕಾದಳು. ಕೆಳಗೆ ಇನ್ನೂ ಒಂದು ಸಾಲಿತ್ತು. ಈ ವರ್ಷದ ಪಾಠ ಇಲ್ಲಿಗೆ ನಿಲ್ಲಿಸುತ್ತೇನೆ ಎಂದು.

"ನಾಳೆಯಿಂದ ಅಮ್ಮನೇ ಬಂದು ಹೇಳಿಕೊಡ್ತಾಳೆ," ಎಂದಳು ಪೇವೆನ್. "ಇಷ್ಟ ಇದ್ದವರು ಕಳಿಸಿ."

ಯಾನ್‌ಫೆನ್ ಹುಡುಗಿಯನ್ನು ನೋಡಿದಳು. ಟೀಚರ್ ಬರೆದದ್ದಾದರೆ ಅದರಲ್ಲಿ 'ಅಮ್ಮ' ಎಲ್ಲಿಂದ ಬಂತು? ಅವಳು ಕೈ ಚಾಚಿದಳು. "ಹಲಗೆ ಕೊಡು ಇಲ್ಲಿ."

ಅವಳ ಕೈಗಿಂತ ಮೊದಲು ಸುಯಿನ್‌ಳ ಕೈ ಬಂತು. ಹಲಗೆಯನ್ನು ಪೇವೆನ್‌ಳ ಕೈಯಿಂದ ತೆಗೆದುಕೊಂಡು, ತೋಳಿನ ಅಂಚಿನಿಂದ ಪೂರ್ತಿ ಒರೆಸಿ, ಎದೆಗೆ ಒತ್ತಿ ಹಿಡಿದು, ಯಾನ್‌ಫೆನ್‌ಗೆ ಹೌದೆಂದು ತಲೆಯಾಡಿಸಿದಳು.

ತಾಯಂದಿರು ಹೊರಟುಹೋದರು. ಅಜ್ಜಿ ಪಾತ್ರೆಯ ಬಳಿಗೆ ಮರಳಿದಳು.

ಸಂತೆಯಿಂದ ಬಂದ ಮರಿತೆಸ್‌ಗೆ ಸಿಟ್ಟು ಬಂತು. ಸೊಪ್ಪಿನ ಚೀಲವನ್ನು ಮೇಜಿನ ಮೇಲೆ ಎಸೆದಳು. ಈ ಮನೆಯಲ್ಲಿ ಬಾಯಿ ಮುಚ್ಚು ಎನ್ನುವವರೂ ನೀವೇ, ತೆರೆ ಎನ್ನುವವರೂ ನೀವೇ ಎಂದಳು. ಮಗಳ ಕಡೆ ತಿರುಗಿದಳು.

"ನನ್ನ ಕೇಳಿದ್ಯಾ ನೀನು? ಟೇಪಾದ್ರೆ ಅಳಿಸಿ ಮತ್ತೆ ಹೇಳ್ತಿದ್ದೆ. ಎಲ್ಲರ ಎದುರಿಗೆ ತಪ್ಪಿದ್ರೆ? ಯಾನ್‌ಫೆನ್ ಗೋಡೆ ಆಚೆ ಕೂತು ಎಣಿಸ್ತಾಳೆ."

"ತಪ್ಪಿದ್ರೆ ತಪ್ಪು," ಎಂದಳು ಪೇವೆನ್. "ಅತ್ತೆ ಎಷ್ಟು ಸಲ ತಪ್ಪಿಲ್ಲ?"

ಸುಯಿನ್ ಹಲಗೆಯಲ್ಲಿ ಬರೆದು ಅತ್ತಿಗೆಯ ಮುಂದೆ ಹಿಡಿದಳು. ಈ ಸಲ ಪೇವೆನ್ ಓದಲಿಲ್ಲ. ಮರಿತೆಸ್ ತಾನೇ, ಬೆರಳು ಎಳೆಯುತ್ತಾ, ತಡವರಿಸುತ್ತಾ ಓದಿಕೊಂಡಳು. ಕುರಿ ಬಂದಾಗ ನಾನು ಕನ್ನಡಿ ಹಿಡಿಯುತ್ತೇನೆ. ಉಳಿದದ್ದು ನಿನ್ನದು. ಬರುತ್ತೀಯಾ?

ಮರಿತೆಸ್ ಸೊಪ್ಪಿನ ಚೀಲ ಬಿಚ್ಚಿದಳು. ಬೇರು ಕತ್ತರಿಸಿದಳು, ಎರಡು ನೀರಿನಲ್ಲಿ ತೊಳೆದಳು. ಅಂಗಡಿಯಲ್ಲಿ ಬೆಳಗಿನ ಹೊತ್ತು ಬಡಿಸುವವರು ಯಾರು ಎಂದು ಕೇಳಿದಳು. ಅಜ್ಜಿ ಬೆನ್ನು ತಿರುಗಿಸಿ ಹಂದಿ ಕೊಬ್ಬು ಕರಗಿಸುತ್ತಿದ್ದಳು.

ಮಾರನೆಯ ದಿನ ಎಂಟಕ್ಕೆ ಹದಿನಾಲ್ಕು ಸ್ಟೂಲುಗಳಲ್ಲಿ ಎಂಟು ತುಂಬಿದವು. ಎಂಟೂ ಕಾಲಿಗೆ ಯಾನ್‌ಫೆನ್ ಸ್ಕೂಟರಿನಲ್ಲಿ ಮಗನನ್ನು ತಂದು ಇಳಿಸಿದಳು. ಒಳಗೆ ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಜಿಹಾವ್ ಒಳಗೆ ಹೋದ. ಅವಳು ಅಂಗಡಿಗೆ ಬಂದು ಗೋಡೆಯ ಪಕ್ಕದ ಮೇಜಿನಲ್ಲಿ ಕ್ಯಾಶಿಯರಳ ಹಾಗೆ ನೆಟ್ಟಗೆ ಕೂತಳು. ಗೋಡೆಯಾಚೆ ಕುರ್ಚಿ ಎಳೆದ ಸದ್ದು. ಆಮೇಲೆ ಮರಿತೆಸ್‌ಳ ದನಿ. ಟೇಪಿನಲ್ಲಿ ಇದ್ದುದಕ್ಕಿಂತ ಸಣ್ಣದು, ಮೊದಲ ಪದದಲ್ಲಿ ಸ್ವಲ್ಪ ಒಡೆದದ್ದು. ಮಕ್ಕಳು ಹೇಳಿದರು. ಎರಡನೆಯದು ಗಟ್ಟಿಯಾಗಿತ್ತು.

ಅಂಗಡಿಯಲ್ಲಿ ಐದು ಜನ ಕಾಯುತ್ತಿದ್ದರು. ಪಾತ್ರೆಯ ಮುಂದೆ ಅಜ್ಜಿ ಒಬ್ಬಳೇ. ಶಾವಿಗೆ ಅದ್ದಿ ತೆಗೆಯಲು ಒಂದು ಕೈ, ಸಾರಿಗೆ ಒಂದು ಕೈ, ಬಡಿಸಲು ಮೂರನೆಯದಿಲ್ಲ. ಬೆವರು ಹುಬ್ಬಿನವರೆಗೆ ಇಳಿದಿತ್ತು.

ಯಾನ್‌ಫೆನ್ ಹತ್ತು ನಿಮಿಷ ಕಾದಳು. ಸಾರಿಲ್ಲದ ಶಾವಿಗೆ ಒಂದು ಬಟ್ಟಲು ಎಂದು ಆಗಲೇ ಹೇಳಿದ್ದೆ, ಎಲ್ಲಿ ನಿಮ್ಮ ಸೊಸೆ, ಎಂದು ಕೇಳಿದಳು.

"ಅವಳಿಗೆ ಪಾಠ ಇದೆ," ಎಂದಳು ಅಜ್ಜಿ. ತಿರುಗಿಯೂ ನೋಡಲಿಲ್ಲ. "ಬಟ್ಟಲು ಅಲ್ಲಿದೆ. ಎದ್ದು ತಗೋ."

ತಿನ್ನುತ್ತಿದ್ದವರೆಲ್ಲ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ಯಾನ್‌ಫೆನ್ ಕೈಚೀಲವನ್ನು ಬೆಂಚಿನ ಮೇಲಿಟ್ಟು ಎದ್ದಳು. ಬಟ್ಟಲು ಹಿಡಿದು ಪಾತ್ರೆಯ ಪಕ್ಕ ನಿಂತಳು. ಅಜ್ಜಿ ಶಾವಿಗೆ ಹಾಕಿದಳು, ಕೊಬ್ಬು ಸುರಿದಳು, ಇನ್ನೊಂದು ತುಂಬಿದ ಬಟ್ಟಲನ್ನೂ ಅವಳ ಇನ್ನೊಂದು ಕೈಗೆ ಕೊಟ್ಟು, ಅದು ಬಾಗಿಲ ಬಳಿಯ ಮುದುಕನಿಗೆ ಎಂದಳು.

ಯಾನ್‌ಫೆನ್ ಮೊದಲು ಅದನ್ನು ಕೊಟ್ಟು ಬಂದಳು.